ಚಿರಲಿ: ಯಾವ ಕ್ರಾಸಲ್ಲಿ ಇಳಿಬೇಕು, ಬೆಟ್ಟಕ್ಕೆ ಯಾವಾಗ ಹತ್ತಬೇಕು

ಈ ವಿಡಿಯೋದಲ್ಲಿ ಬಲಗಡೆ ಕಾಣ್ತಿರೋ ಬೋಳು ತಲೆಯ ಬೆಟ್ಟ ತಹ್ತಾಲಿ, 2,365 ಮೀಟರ್. ಎಡಕ್ಕೆ ಕೆಳಗಡೆ ಮೆಡಿಟರೇನಿಯನ್. ಚಿರಲಿ ಅನ್ನೋ ಕಡಲತೀರದ ಊರು ಇರೋದು ಟರ್ಕಿಯ ಅಂತಾಲ್ಯದಿಂದ ದಕ್ಷಿಣಕ್ಕೆ ಸುಮಾರು 80 ಕಿ.ಮೀ. ದೂರದಲ್ಲಿ. ಅಲ್ಲಿಗೆ ಬಸ್ ಹತ್ತೋದು ಸುಲಭ. ಕಷ್ಟ ಇರೋದು ಇಳಿಯೋದ್ರಲ್ಲಿ.

ಹೆದ್ದಾರಿಯಲ್ಲಿ ಎರಡು ಕ್ರಾಸ್ ಇವೆ. ಒಂದು ಚಿರಲಿಗೆ, ಇನ್ನೊಂದು ಒಲಿಂಪೋಸ್‌ಗೆ. ನಕ್ಷೆಯಲ್ಲಿ ಎರಡೂ ಊರು ಅಕ್ಕಪಕ್ಕ, ಒಂದೇ ಕಡಲತೀರ. ಅದನ್ನ ನೋಡಿ "ಯಾವುದರಲ್ಲಿ ಇಳಿದರೇನು" ಅಂದ್ಕೊಂಡ್ರೆ ಕೆಟ್ಟಿರಿ. ಚಿರಲಿ ಕ್ರಾಸಿಂದ ಊರಿಗೆ 7 ಕಿ.ಮೀ. ಇಳಿಜಾರು. ಒಲಿಂಪೋಸ್ ರಸ್ತೆ ಅದಕ್ಕಿಂತ ಉದ್ದ, ಬೇರೆಯದೇ ಕಣಿವೆಗೆ ಇಳಿಯುತ್ತೆ. ಕೆಳಗೆ ಎರಡೂ ಊರಿನ ನಡುವೆ ವಾಹನ ಹೋಗೋ ನೇರ ದಾರಿ ಇಲ್ಲ. ತಪ್ಪು ಕಡೆ ಇಳಿದ್ರೆ ಮತ್ತೆ ಹೆದ್ದಾರಿ ಹತ್ತಿ, ಇನ್ನೊಂದು ಕಣಿವೆಗೆ ಇಳಿಬೇಕು. ಬೀಚಿನಲ್ಲೇ ನಡೆದುಬಿಡೋಣ ಅಂದ್ರೆ ಅರ್ಧ ಗಂಟೆ ಸರಿ, ಆದ್ರೆ ಅಲ್ಲಿ ಮರಳಿಗಿಂತ ನುಣುಪುಗಲ್ಲೇ ಹೆಚ್ಚು. ಸೂಟ್‌ಕೇಸಿನ ಚಕ್ರ ಒಂದಡಿ ಉರುಳಲ್ಲ, ಹೊತ್ಕೊಂಡೇ ಹೋಗ್ಬೇಕು. ಅದೂ ಸಾಲದು ಅಂತ ಮಧ್ಯದಲ್ಲಿ ಒಲಿಂಪೋಸಿನ ಹಳೇ ಪಟ್ಟಣ, ಅದಕ್ಕೆ ಟಿಕೆಟ್ ಗೇಟು, ಸಂಜೆ ಮುಚ್ಚುತ್ತೆ. ಹಾಗಾಗಿ ರೂಮ್ ಬುಕ್ ಮಾಡೋ ಮುಂಚೆ ಅದು ಯಾವ ಕಣಿವೆಯಲ್ಲಿದೆ ನೋಡಿ. ಬಸ್ಸಲ್ಲಿ ಡ್ರೈವರಿಗೆ "ಚಿರಲಿ" ಅಂತಲೇ ಹೇಳಿ. ಕ್ರಾಸಿಂದ ಕೆಳಕ್ಕೆ ಡಾಲ್ಮುಶ್, ಅಂದ್ರೆ ನಮ್ಮ ಮ್ಯಾಕ್ಸಿಕ್ಯಾಬ್ ಥರದ್ದು, ಜನ ತುಂಬಿದ ಮೇಲೆ ಹೊರಡುತ್ತೆ. ಕತ್ತಲಾದ ಮೇಲೆ ಅದನ್ನ ನಂಬ್ಕೊಂಡು ಬರಬೇಡಿ.

ಸರಿ, ಒಲಿಂಪೋಸ್ ಒಳಗೆ ಬಂದ್ವಿ. ಈ ಭಾಗದ ಪ್ರಾಚೀನ ನಗರಗಳ ಲಿಸಿಯನ್ ಒಕ್ಕೂಟದಲ್ಲಿ ಅತಿ ಹೆಚ್ಚು, ಅಂದ್ರೆ ತಲಾ ಮೂರು ಮತ ಇದ್ದ ಆರು ನಗರಗಳಲ್ಲಿ ಇದೂ ಒಂದು. ಇಲ್ಲಿನ ಥಿಯೇಟರ್ ಬಿಟ್ರೂ ನಷ್ಟ ಇಲ್ಲ, ಪೂರಾ ಪೊದೆ. ಹೊಳೆ ಸಮುದ್ರ ಸೇರೋ ಕಡೆ ಎವ್ಡೆಮೋಸ್ ಅನ್ನೋ ಹಡಗಿನ ನಾಯಕನ ಕಲ್ಲಿನ ಶವಪೆಟ್ಟಿಗೆ ಇದೆ, ಅದನ್ನ ತಪ್ಪಿಸ್ಕೋಬೇಡಿ. ಮೈಮೇಲೆ ಕೆತ್ತಿದ ಹಡಗು ನೋಡಿ, ಇಲ್ಲಿ. ಪಕ್ಕದಲ್ಲೇ ಒಂದು ಶೋಕಗೀತೆ. ಇನ್ನು ದೇವಾಲಯದ ಆ ಎತ್ತರದ ಬಾಗಿಲು... ಬರೀ ಬಾಗಿಲಿಗೆ ಅಷ್ಟು ದೂರ ಯಾಕೆ ಅನ್ನಿಸಬಹುದು. ಇಲ್ಲ, ಹೋಗಿ. ಗೋಡೆಯೆಲ್ಲ ಬಿದ್ದು ಬಾಗಿಲು ಮಾತ್ರ ಮರಗಳ ಮಧ್ಯೆ ನಿಂತಿರೋದು ಎದುರು ನಿಂತಾಗಲೇ ಗೊತ್ತಾಗೋದು.

ಹೊತ್ತು ಮುಳುಗೋ ಮುಂಚೆ ಚಿರಲಿಯ ಇನ್ನೊಂದು ತುದಿಗೆ, ಬಂಡೆಯ ಬಿರುಕಲ್ಲಿ ಬೆಂಕಿ ಉರಿಯೋ ಯಾನರ್‌ತಾಶ್ ಬೆಟ್ಟಕ್ಕೆ. ಹೆಸರಿನ ಅರ್ಥವೇ "ಉರಿಯೋ ಕಲ್ಲು". ಇದಕ್ಕೆ ಬೇರೆ ಟಿಕೆಟ್. ಗೇಟಿಂದ ಸುಮಾರು ಒಂದು ಕಿ.ಮೀ. ಕಲ್ಲಿನ ಮೆಟ್ಟಿಲು, ಇಪ್ಪತ್ತರಿಂದ ಮೂವತ್ತು ನಿಮಿಷ. ಅಂತಾಲ್ಯದಿಂದ ಮಧ್ಯಾಹ್ನ ಕರ್ಕೊಂಡು ಬರೋ ಟೂರ್‌ಗೆ ದುಡ್ಡು ಕೊಡಬೇಡಿ. ಬಿಸಿಲಲ್ಲಿ ಬೆಂಕಿ ಸರಿಯಾಗಿ ಕಾಣೋದೇ ಇಲ್ಲ, ಗಾಳಿ ನಡುಗಿದ ಹಾಗೆ ಇರುತ್ತೆ. ಬೆಳಕಿದ್ದಾಗ ಹತ್ತಿ, ಕತ್ತಲಾಗೋವರೆಗೂ ಕೂತು ನೋಡಿ, ಟಾರ್ಚ್ ಹಿಡಿದು ಇಳೀರಿ. ಟಾರ್ಚ್ ಹಣೆಗೆ ಕಟ್ಟೋದಾದ್ರೆ ಒಳ್ಳೇದು. ಮೆಟ್ಟಿಲು ಸವೆದು ಜಾರುತ್ತೆ, ಒಂದರ ಎತ್ತರ ಇನ್ನೊಂದಕ್ಕಿಲ್ಲ. ಇಳಿಯುವಾಗ ಎರಡೂ ಕೈ ಖಾಲಿ ಇರಬೇಕು.

ಈ ಬೆಂಕಿಗೆ ಕಾರಣ ಮೀಥೇನ್, ಜೊತೆಗೆ ಸ್ವಲ್ಪ ಹೈಡ್ರೋಜನ್. ಇದರ ಬಹುಭಾಗ ಸತ್ತ ಜೀವಿಗಳಿಂದ ಬಂದಿದ್ದಲ್ಲ. ಹಿಂದೆ ಸಾಗರದ ತಳದಲ್ಲಿದ್ದ ಬಂಡೆ ಇದು. ನೀರು ಈ ಬಂಡೆ ಜೊತೆ ವರ್ತಿಸಿ ಹೈಡ್ರೋಜನ್ ಹುಟ್ಟುತ್ತೆ, ಅದು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೀಥೇನ್ ಆಗುತ್ತೆ. ಕಾಂಗ್ಡಾದ ಜ್ವಾಲಾಮುಖಿ ದೇವಸ್ಥಾನದಲ್ಲಿ ಬಿರುಕಿನಿಂದ ಬರೋ ಜ್ವಾಲೆ ನೋಡಿದವರಿಗೆ ಇದು ಹೊಸದಲ್ಲ. ಅಲ್ಲಿ ಗುಡಿ ನಿಂತಿದೆ, ಇಲ್ಲಿ ಬೆಂಕಿದೇವರು ಹೆಫೈಸ್ಟೋಸನ ಗುಡಿಯ ಕಲ್ಲುಗಳಷ್ಟೇ ಉಳಿದಿವೆ. ಸಿಂಹದ ಮುಂಭಾಗ, ಮೇಕೆಯ ನಡು, ಹಾವಿನ ಬಾಲ ಇದ್ದ ಕಿಮೈರಾ ಅನ್ನೋ ಗ್ರೀಕರ ಪ್ರಾಣಿಯನ್ನ ಹಿಂದಿನವರು ಇದೇ ಬೆಟ್ಟಕ್ಕೆ ಜೋಡಿಸಿದ್ದಾರೆ. ಹಾಂ, ಹುಷಾರು: ಉರಿ ಕಾಣದ ಬಿರುಕಲ್ಲೂ ಅನಿಲ ಬರ್ತಾ ಇರಬಹುದು, ಮುಖ ಬಗ್ಗಿಸಬೇಡಿ. ನೈಲಾನ್ ಜಾಕೆಟ್ ದೂರ ಇಡಿ. ಫೋನಲ್ಲಿ ಎಕ್ಸ್‌ಪೋಶರ್ ಇಳಿಸದಿದ್ರೆ ಜ್ವಾಲೆ ಬಿಳೀ ಮಚ್ಚೆಯಾಗಿ ಬರುತ್ತೆ, ಈಗ ಸ್ಕ್ರೀನಲ್ಲಿ ಬರ್ತಿರೋ ಹಾಗೆ. ಇಳಿಸಿದೆ ನೋಡಿ, ನೀಲಿ ಅಂಚು ಕಾಣ್ತು.

ಕೊನೇ ಶಾಟ್, ಬೀಚ್. ಈ ತಂತಿ ಪಂಜರ ಕರೆಟ್ಟಾ ಅನ್ನೋ ಜಾತಿಯ ಕಡಲಾಮೆಯ ಗೂಡಿಗೆ. ಮೇ ತಿಂಗಳಿಂದ ಬೇಸಿಗೆಯಿಡೀ ಇಲ್ಲಿ ಮೊಟ್ಟೆ, ಒಂದು ಗೂಡಲ್ಲಿ ಸುಮಾರು ನೂರು, ಮರಿ ಬರೋಕೆ ಹೆಚ್ಚುಕಡಿಮೆ ಎರಡು ತಿಂಗಳು. ಉತ್ತರ ಕನ್ನಡದ ತೀರಕ್ಕೆ ಚಳಿಗಾಲದಲ್ಲಿ ಬರೋ ಕಡಲಾಮೆಗಳ ಜಾತಿಯೇ ಬೇರೆ, ಆದ್ರೆ ತೊಂದರೆ ಒಂದೇ. ಮರಿಗಳು ರಾತ್ರಿ ಹೊರಬಂದು ಎಲ್ಲಿ ಹೆಚ್ಚು ಬೆಳಕಿದೆಯೋ ಅದೇ ಸಮುದ್ರ ಅಂತ ಆ ಕಡೆ ಹೊರಡ್ತವೆ. ಹೋಟೆಲ್ ದೀಪ ಉರಿತಿದ್ರೆ ರಸ್ತೆಗೇ ಹತ್ತುತ್ತವೆ. ಛತ್ರಿಯ ಕೋಲು ಮರಳಿಗೆ ಚುಚ್ಚಿದ್ರೆ ಕೆಳಗಿನ ಮೊಟ್ಟೆ ಒಡೆಯುತ್ತೆ. ಹಾಗಾಗಿ ಇಲ್ಲಿಂದ ಮುಂದಕ್ಕೆ ಟಾರ್ಚೂ ಇಲ್ಲ, ಕ್ಯಾಮೆರಾ ಲೈಟೂ ಇಲ್ಲ. ಆಫ್ ಮಾಡ್ತಿದ್ದೀನಿ.