ಕಣ್ಣಿನ ಹೆಣಿಗೆ, ರಕ್ತದ ಸುಳಿವು

ಎಲ್ಲರಿಗೂ ನಮಸ್ಕಾರ. ಹಾಸನದ ಈ ಸಭೆಗೆ ಮಕ್ಕಳನ್ನೂ ಕರೆದುಕೊಂಡು ಬಂದಿದ್ದೀರಿ, ತುಂಬಾ ಸಂತೋಷ. ಇವತ್ತಿನ ವಿಷಯ ಅವರ ವಯಸ್ಸಿನವರನ್ನೇ ಕಾಡುವ ಒಂದು ಕಣ್ಣಿನ ಕಾಯಿಲೆ.

ಸಕಲೇಶಪುರದ ಕಡೆಯ ಒಬ್ಬ ಪಿಯುಸಿ ಹುಡುಗ ತಾಯಿಯ ಜೊತೆ ನನ್ನ ಬಳಿ ಕಣ್ಣು ತೋರಿಸಲು ಬಂದಿದ್ದ. ಒಂದೂವರೆ ವರ್ಷದಲ್ಲಿ ಮೂರು ಸಲ ಕನ್ನಡಕದ ನಂಬರ್ ಬದಲಾಗಿತ್ತು. "ಹೊಸ ಕನ್ನಡಕ ಹಾಕಿದ್ರೂ ಬೀದಿ ದೀಪಕ್ಕೆ ಬಾಲ ಬಂದಂಗೆ ಕಾಣುತ್ತಂತೆ ಮೇಡಂ" ಅಂದರು ತಾಯಿ. ನಾವು ಮಾತಾಡುವಷ್ಟು ಹೊತ್ತೂ ಹುಡುಗ ಬೆರಳಿನ ಗೆಣ್ಣಿನಿಂದ ಬಲಗಣ್ಣು ಉಜ್ಜುತ್ತಲೇ ಇದ್ದ. "ಕೆಳಗೆ ನೋಡಪ್ಪ" ಎಂದೆ. ಕೆಳರೆಪ್ಪೆಯ ಅಂಚು ಮೊನಚಾಗಿ ಮುಂದಕ್ಕೆ ಚಾಚಿತು. ಕೆರಟೋಕೋನಸ್ ಎಂಬ ಕಾಯಿಲೆಯ ಗುರುತು ಅದು.

ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ ಕಾರ್ನಿಯಾ. ದಪ್ಪ ಸುಮಾರು ಅರ್ಧ ಮಿಲಿಮೀಟರ್, ಅದರಲ್ಲಿ ಶೇ. 90ರಷ್ಟು ಕೊಲ್ಯಾಜೆನ್ ಎಂಬ ಪ್ರೋಟೀನಿನ ಎಳೆಗಳನ್ನು ಪದರ ಪದರವಾಗಿ ಜೋಡಿಸಿದ ಭಾಗ. ಬಿದಿರಿನ ಬುಟ್ಟಿ ನೋಡಿದ್ದೀರಲ್ಲ, ಸೀಳು ಗಟ್ಟಿಯಿದ್ದರೂ ಹೆಣಿಗೆ ಸಡಿಲವಾದರೆ ತಳ ಜೋತುಬೀಳುತ್ತದೆ. ಇಲ್ಲೂ ಹಾಗೇ. ಎಳೆಗೂ ಎಳೆಗೂ ಕಟ್ಟು ಹಾಕುವ ಕಿಣ್ವ ಲೈಸಿಲ್ ಆಕ್ಸಿಡೇಸ್. ಅದರ ಕೆಲಸಕ್ಕೆ ತಾಮ್ರ ಬೇಕು. ಈ ಕಾಯಿಲೆಯಲ್ಲಿ ಆ ಕಿಣ್ವದ ಚಟುವಟಿಕೆ ಕುಗ್ಗಿರುತ್ತದೆ. ಇನ್ನೊಂದು ಕಡೆ ಹೆಣಿಗೆಯನ್ನು ಕತ್ತರಿಸುವ ಎಂಎಂಪಿ-9ರಂಥ ಕಿಣ್ವಗಳು ಹೆಚ್ಚುತ್ತವೆ. ಕಣ್ಣು ಉಜ್ಜಿದಷ್ಟೂ ಉರಿಯೂತದ ಅಂಶಗಳು ಕಣ್ಣೀರಿನಲ್ಲಿ ಏರುತ್ತವೆ. ಕಾರ್ನಿಯಾ ತೆಳುವಾಗಿ, ಶಂಕುವಿನಂತೆ ಉಬ್ಬುತ್ತದೆ.

ಹಾಗಾದರೆ ರಕ್ತ ಪರೀಕ್ಷೆಯಲ್ಲೇ ಇದನ್ನು ಹಿಡಿಯಬಹುದಲ್ಲ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ, ಇದರ ಮೇಲೆ ಸಂಶೋಧನೆ ಜೋರಾಗಿಯೇ ನಡೆದಿದೆ. ರೋಗಿಗಳ ರಕ್ತದಲ್ಲಿ ವಿಟಮಿನ್ ಡಿ ಕಡಿಮೆ ಇರುವುದನ್ನು ಹಲವು ಅಧ್ಯಯನಗಳು ಕಂಡಿವೆ. ತಾಮ್ರ, ಸತುವನ್ನೂ ಅಳೆದಿದ್ದಾರೆ. ಕೊಲ್ಯಾಜೆನ್ ಕರಗಿದಾಗ ಉಳಿಯುವ ತುಣುಕುಗಳನ್ನು ಒಡೆದು ಪ್ರೋಲಿನ್ ಎಂಬ ಅಮೈನೊ ಆಮ್ಲವನ್ನು ಮರಳಿ ಕೊಡುವ ಪ್ರೋಲಿಡೇಸ್ ಕಿಣ್ವವನ್ನೂ ನೋಡಿದ್ದಾರೆ.

ಆದರೆ ತೊಡಕು ಎಲ್ಲಿದೆ ನೋಡಿ. ಕಾರ್ನಿಯಾದಲ್ಲಿ ರಕ್ತನಾಳಗಳೇ ಇಲ್ಲ. ಅಗಲವೋ, ಹನ್ನೊಂದು ಹನ್ನೆರಡು ಮಿಲಿಮೀಟರ್. ಮೂಳೆಯಲ್ಲಿರುವ ಮುಖ್ಯ ಕೊಲ್ಯಾಜೆನ್ನೂ ಕಾರ್ನಿಯಾದಲ್ಲಿರುವಂಥದ್ದೇ, ಒಂದನೇ ಬಗೆಯದು. ಹದಿನಾರರ ಹುಡುಗ ಉದ್ದ ಬೆಳೆಯುವಾಗ ಅವನ ಮೂಳೆಗಳೇ ಕೊಲ್ಯಾಜೆನ್ ತುಣುಕುಗಳನ್ನು ರಕ್ತಕ್ಕೆ ಧಾರಾಳವಾಗಿ ಬಿಡುತ್ತಿರುತ್ತವೆ. ಕಾಯಿಲೆ ಚುರುಕಾಗುವುದೂ ಅದೇ ವಯಸ್ಸಿನಲ್ಲಿ. ಸಂತೆಯ ಗದ್ದಲದಲ್ಲಿ ಒಬ್ಬರ ಪಿಸುಮಾತು ಕೇಳಿಸಿಕೊಂಡಂತೆ ಇದು. ಅದಕ್ಕೇ ನನಗೆ ಕಣ್ಣೀರಿನ ಮೇಲೆ ಹೆಚ್ಚು ನಂಬಿಕೆ, ಅದು ಕಾರ್ನಿಯಾವನ್ನು ಮುಟ್ಟಿಕೊಂಡೇ ಇರುತ್ತದೆ. ರಕ್ತದ ಸುಳಿವು ಬೇಡವೆನ್ನುತ್ತಿಲ್ಲ. ಯಾರ ಮೈಯಲ್ಲಿ ಕಾಯಿಲೆಗೆ ಒಲವಿದೆ ಎಂಬುದಕ್ಕೆ ಮುಂದೊಂದು ದಿನ ಅದು ನೆರವಾದೀತು. ಆದರೆ ಇವತ್ತು ಯಾರಾದರೂ ರಕ್ತದ ವರದಿಯೊಂದನ್ನೇ ತೋರಿಸಿ ಮಗುವಿನ ಕಣ್ಣು ಚೆನ್ನಾಗಿದೆ ಎಂದರೆ ದಯವಿಟ್ಟು ಅಲ್ಲಿಗೇ ನಿಲ್ಲಬೇಡಿ. ಕಾರ್ನಿಯಾದ ನಕ್ಷೆ ತೆಗೆಸಿ. ಟೊಪೋಗ್ರಫಿ ಅಂತಾರೆ, ಸೂಜಿಯಿಲ್ಲ, ನೋವಿಲ್ಲ.

ಆ ಹುಡುಗನ ವಿಟಮಿನ್ ಡಿ ಕಡಿಮೆಯಿತ್ತು, ಔಷಧಿ ಕೊಟ್ಟೆವು. ಆದರೆ ಚಿಕಿತ್ಸೆ ನಿರ್ಧರಿಸಿದ್ದು ಆರು ತಿಂಗಳ ಅಂತರದ ಎರಡು ನಕ್ಷೆ ಪಕ್ಕಪಕ್ಕ ಇಟ್ಟು. ಕ್ರಾಸ್‌ಲಿಂಕಿಂಗ್ ಮಾಡಿದೆವು: ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್ ಹನಿ ಹಾಕಿ, ಮೂವತ್ತು ನಿಮಿಷ ಅತಿನೇರಳೆ ಬೆಳಕು. 2003ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ವೈದ್ಯರು ರೋಗಿಗಳ ಮೇಲಿನ ಫಲಿತಾಂಶ ಪ್ರಕಟಿಸಿದ ವಿಧಾನವಿದು. ಸಡಿಲಾದ ಎಳೆಗಳ ನಡುವೆ ಹೊಸ ಕಟ್ಟು ಬೀಳುತ್ತದೆ. ಹೋದ ದೃಷ್ಟಿ ಪೂರ್ತಿ ಮರಳದು, ಕಾಯಿಲೆ ಮುಂದುವರಿಯದಂತೆ ತಡೆಯುವುದೇ ಗುರಿ. ಈಗ ಅವನು ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಓದುತ್ತಾನೆ.

ಮನೆಯಲ್ಲಿ ಒಬ್ಬರಿಗಿದ್ದರೆ ಒಡಹುಟ್ಟಿದವರಿಗೂ ಬರುವ ಸಂಭವ ಹೆಚ್ಚು. ಹಾಗಾಗಿ ಅವನ ತಂಗಿಯನ್ನೂ ಕರೆಸಿದೆ. ಅವಳ ನಕ್ಷೆಯಲ್ಲಿ ಕೆಳಭಾಗ ಸ್ವಲ್ಪವೇ ಕಡಿದಾಗಿದೆ, ಆರು ತಿಂಗಳಿಗೊಮ್ಮೆ ನೋಡುತ್ತಿದ್ದೇವೆ. ಕಣ್ಣು ತುರಿಸಿದರೆ ಉಜ್ಜದೆ ಹನಿ ಹಾಕಿಕೊಳ್ಳುವುದನ್ನು ಅಣ್ಣನೇ ಅವಳಿಗೆ ಕಲಿಸಿದ್ದಾನೆ.

ಈಗ ಪ್ರಶ್ನೆ ಕೇಳಿ. ಮೊದಲು ಮಕ್ಕಳದ್ದು.