ಏನೂ ತಿಂದಿಲ್ಲ, ಆದ್ರೂ ಶುಗರ್ 212! ಕರುಳಿನ ಆಪರೇಷನ್ ಆದ ಮೇಲಿನ ಲೆಕ್ಕ

[ಪರದೆಯಲ್ಲಿ: ಗ್ಲುಕೋಮೀಟರ್, 212]

ಆಪರೇಷನ್ ಆಗಿ ಎರಡು ದಿನ. ಹೊಟ್ಟೆಗೆ ನಾಲ್ಕು ಗುಟುಕು ನೀರು ಬಿಟ್ರೆ ಏನೂ ಹೋಗಿಲ್ಲ. ಶುಗರ್ ಮಾತ್ರ 212. ಕರುಳು ಕತ್ತರಿಸಿ ಹೊಲಿದ ಪೆಟ್ಟಿಗೆ ಮೈಯಲ್ಲಿ ಕಾರ್ಟಿಸಾಲ್, ಅಡ್ರಿನಲಿನ್ ಏರ್ತವೆ. ಲಿವರ್ ಸಕ್ಕರೆ ಬಿಡೋಕೆ ಶುರು ಮಾಡುತ್ತೆ, ಇನ್ಸುಲಿನ್ ಮಾತು ಯಾರೂ ಕೇಳಲ್ಲ. ಡಯಾಬಿಟಿಸ್‌ಗೆ ಬರೀ ಮಾತ್ರೆಯಲ್ಲಿದ್ದವರಿಗೂ ಆಗ ಇನ್ಸುಲಿನ್ ಕೊಡೋದು ಇದಕ್ಕೇ. "ಒಮ್ಮೆ ಶುರುವಾದ್ರೆ ಬಿಡಲ್ಲ" ಅಂತ ಹೆದರೋದು ಬೇಡ, ಗಾಯ ಮಾಗ್ತಾ ಬಂದ ಹಾಗೆ ಹೆಚ್ಚಿನವರಿಗೆ ಡೋಸೂ ಇಳಿಯುತ್ತೆ. ಆಸ್ಪತ್ರೆಯಲ್ಲಿ ಗುರಿ ಸಾಮಾನ್ಯವಾಗಿ 100ರಿಂದ 180. ಅದಕ್ಕಿಂತ ಮೇಲೇ ನಿಂತ್ರೆ ಬಿಳಿ ರಕ್ತಕಣ ಮಂಕಾಗಿ ಗಾಯ ಕೀವಾಗೋ ಸಾಧ್ಯತೆ ಹೆಚ್ಚು.

ಇನ್ನೊಂದು ಏರಿಕೆ ಇದೆ, ಅದು ಬೇರೆ. ಮೂರನೇ ದಿನದಿಂದ ಹತ್ತನೇ ದಿನದೊಳಗೆ, ಇಳೀತಾ ಇದ್ದ ಶುಗರ್ ಕಾರಣವಿಲ್ಲದೆ ಮತ್ತೆ ಜಿಗಿದ್ರೆ, ಜೊತೆಗೆ ನಾಡಿ 100 ದಾಟಿದ್ರೆ, ಹೊಟ್ಟೆ ಉಬ್ಬಿದ್ರೆ, ಒಳಗಿನ ಹೊಲಿಗೆ ಸೋರ್ತಿರಬಹುದು. ಮನೇಲಿ ಇನ್ಸುಲಿನ್ ಎರಡು ಯೂನಿಟ್ ಜಾಸ್ತಿ ಮಾಡಿ ಸುಮ್ಮನಾಗ್ಬೇಡಿ, ಅವತ್ತೇ ಸರ್ಜನ್ ಹತ್ರ ಹೋಗಿ. ಹಳೇ ಡಯಾಬಿಟಿಸ್‌ನಲ್ಲಿ ನರ ಸೋತಿರೋದ್ರಿಂದ ನೋವು ಕಮ್ಮಿ ಗೊತ್ತಾಗಬಹುದು.

[ಪರದೆಯಲ್ಲಿ: ಗಂಜಿ ಬಟ್ಟಲು]

ಇನ್ನು ಊಟ. ನಮ್ಮಲ್ಲಿ ಮೂರು ಹೊತ್ತೂ ಅಕ್ಕಿ ಗಂಜಿ ತಿಳಿ. ಶುಗರ್ ಸರ್ರನೆ ಏರುತ್ತೆ, ಗಾಯಕ್ಕೆ ಬೇಕಾದ ಪ್ರೋಟೀನ್ ಸಿಗೋದೇ ಇಲ್ಲ. ಮೈತೂಕದ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ, ಅಂದ್ರೆ 60 ಕಿಲೋ ಇದ್ರೆ 72ರಿಂದ 90 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆ 6 ಗ್ರಾಂ, ನೂರು ಗ್ರಾಂ ಪನೀರ್ ಸುಮಾರು 18. ಗಂಜಿಗೆ ಹೆಸರುಬೇಳೆ ನುಣ್ಣಗೆ ಬೇಯಿಸಿ ಹಾಕಿ, ಮೊಸರು ಕಲಸಿ, ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ. ಕಿಡ್ನಿ ತೊಂದರೆ ಇದ್ರೆ ಲೆಕ್ಕ ಬೇರೆ, ಡಾಕ್ಟರ್ ಹೇಳಿದಷ್ಟೇ.

[ಪರದೆಯಲ್ಲಿ: ಅಳತೆ ಮಗ್, ಗೋಡೆಗೆ ಅಂಟಿಸಿದ ಚೀಟಿ]

ಸಣ್ಣಕರುಳನ್ನ ಹೊಟ್ಟೆ ಮೇಲೆ ತೆರೆದು ಬ್ಯಾಗ್ ಹಾಕಿದ್ರೆ, ಅಂದ್ರೆ ಇಲಿಯೋಸ್ಟಮಿ, ಎಡವೋದು ಇಲ್ಲೇ ಜಾಸ್ತಿ. ಬಚ್ಚಲಲ್ಲಿ ಗೆರೆ ಇರೋ ಮಗ್ ಇಡಿ. ಬ್ಯಾಗ್ ಖಾಲಿ ಮಾಡಿದಾಗಲೆಲ್ಲ ಅಳೆದು ಗಂಟೆ ಸಮೇತ ಬರೆದಿಡಿ. ಹದಕ್ಕೆ ಬಂದ ಮೇಲೆ ದಿನಕ್ಕೆ 500ರಿಂದ 800 ಎಂಎಲ್ ಬರೋದು ಮಾಮೂಲು. ಒಂದೂವರೆ ಲೀಟರ್ ದಾಟಿದ್ರೆ ಕಷ್ಟ. ಆಗ ಬಾಯಾರುತ್ತೆ, ಬರೀ ನೀರು ಕುಡೀತಾರೆ. ಬರೀ ನೀರು ಕರುಳಿನ ಗೋಡೆಯಿಂದ ಉಪ್ಪನ್ನ ಎಳ್ಕೊಂಡು ಹೊರಗೆ ಹೋಗುತ್ತೆ. ಕುಡಿದಷ್ಟೂ ಬ್ಯಾಗ್ ತುಂಬುತ್ತೆ, ಮೈ ಒಣಗುತ್ತೆ.

ಓಆರ್‌ಎಸ್, ಅಂದ್ರೆ ಉಪ್ಪು, ಗ್ಲೂಕೋಸ್ ಅಳತೆಯಲ್ಲಿ ಬೆರೆಸಿದ ನೀರು ಬೇಕು. "ಅದರಲ್ಲಿ ಸಕ್ಕರೆ ಇದೆ" ಅಂತ ಶುಗರ್ ಇರೋರು ಮುಟ್ಟಲ್ಲ. ಡಬ್ಲ್ಯುಎಚ್‌ಒ ಸೂತ್ರದ ಒಂದು ಲೀಟರ್‌ನಲ್ಲಿ ಗ್ಲೂಕೋಸ್ 13.5 ಗ್ರಾಂ, ಹೆಚ್ಚುಕಮ್ಮಿ ಒಂದು ಇಡ್ಲಿಯ ಲೆಕ್ಕ. ಆ ಗ್ಲೂಕೋಸ್ ಕೈ ಹಿಡಿದು ಕರ್ಕೊಂಡು ಹೋದ್ರೇನೇ ಉಪ್ಪು ಕರುಳಿಂದ ಮೈಯೊಳಗೆ ಹೋಗೋದು. ಹಣ್ಣಿನ ರುಚಿಯ ಸಿಹಿ ಪ್ಯಾಕೆಟ್ ಪಾನೀಯ ಬೇರೆ ಜಾತಿ. ಸೂತ್ರಕ್ಕೆ ಹೊಂದದ ಪಾನೀಯಕ್ಕೆ ಓಆರ್‌ಎಸ್ ಹೆಸರು ಬೇಡ ಅಂತ 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ಹೇಳಿದ್ದು ಇದಕ್ಕೇ. ಹಾರ್ಟ್, ಕಿಡ್ನಿ ಕಾಯಿಲೆ ಇದ್ರೆ ಎಷ್ಟು ಅಂತ ಕೇಳಿಯೇ ಕುಡೀರಿ.

ಇನ್ನು ಶುಗರ್ ಮಾತ್ರೆಗಳು. ಮೈ ಒಣಗಿದಾಗ ಮೆಟ್‌ಫಾರ್ಮಿನ್ ಮುಂದುವರಿಸೋದು ಅಪಾಯ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇನ್ನೂ ಮೋಸಗಾರ: ಶುಗರ್ 150 ತೋರಿಸ್ತಿದ್ರೂ ರಕ್ತದಲ್ಲಿ ಕೀಟೋನ್ ಅನ್ನೋ ಆಮ್ಲ ತುಂಬಬಹುದು. ವಾಂತಿ, ಏದುಸಿರು ಬಂದ್ರೆ ಮೀಟರ್ ನಂಬದೆ ಕೀಟೋನ್ ಟೆಸ್ಟ್ ಕೇಳಿ. ಬ್ಯಾಗಲ್ಲಿ ಇಡೀ ಮಾತ್ರೆ ಕಾಣಿಸಿದ್ರೆ, ಅದು ನಿಧಾನಕ್ಕೆ ಕರಗೋ 'ಎಸ್‌ಆರ್' ಮಾತ್ರೆಯ ಬರೀ ಸಿಪ್ಪೆಯೂ ಆಗಿರಬಹುದು, ಔಷಧ ಮೈಗೆ ಸೇರದೆ ಬಂದಿದ್ದೂ ಆಗಿರಬಹುದು. ಫೋಟೋ ತೆಗೆದು ಡಾಕ್ಟರಿಗೆ ತೋರಿಸಿ.

[ಪರದೆಯಲ್ಲಿ: ಗ್ಲೂಕೋಸ್ ಡಬ್ಬಿ, ಚಮಚ]

ಶುಗರ್ 70ಕ್ಕಿಂತ ಇಳಿದ್ರೆ 15 ಗ್ರಾಂ, ಅಂದ್ರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕ್ಬೇಡಿ. ವೋಗ್ಲಿಬೋಸ್ ಇರೋ ಶುಗರ್ ಮಾತ್ರೆ ತಗೋತಿದ್ರೆ ಅಡುಗೆಮನೆ ಸಕ್ಕರೆ ಬೇಗ ಕೆಲಸ ಮಾಡಲ್ಲ, ಸಕ್ಕರೆ ಒಡೆಯೋ ಕಿಣ್ವವನ್ನೇ ಆ ಮಾತ್ರೆ ತಡೆದಿರುತ್ತೆ. ಗ್ಲೂಕೋಸ್ ಪುಡಿಯೇ ಬೇಕು. ಹಾಸಿಗೆ ಪಕ್ಕದಲ್ಲೇ ಒಂದು ಡಬ್ಬಿ ಇಡಿ, ಮುಚ್ಚಳ ಸುಲಭಕ್ಕೆ ತೆಗೆಯೋ ಹಾಗಿರಲಿ.