ಏಳು ಗೋಲು ಬಂದ ದಾರಿ

ಕೇಳುಗರಿಗೆ ನಮಸ್ಕಾರ.

2014ರ ಜುಲೈ 8. ಬ್ರೆಜಿಲ್‌ನ ಬೆಲೊ ಹೊರಿಜೊಂಟೆ ನಗರ. ವಿಶ್ವಕಪ್ ಸೆಮಿಫೈನಲ್. ಜರ್ಮನಿ 7, ಬ್ರೆಜಿಲ್ 1. ಫುಟ್‌ಬಾಲ್ ಅಷ್ಟಾಗಿ ನೋಡದವರಿಗೂ ಈ ಸ್ಕೋರ್ ನೆನಪಿರುತ್ತದೆ. ಯಾಕೆ ಹೀಗಾಯ್ತು ಅಂತ ಕೇಳಿ ನೋಡಿ, ಹತ್ತರಲ್ಲಿ ಒಂಬತ್ತು ಜನ ನೇಮಾರ್ ಇರಲಿಲ್ಲ ಎನ್ನುತ್ತಾರೆ. ನೇಮಾರ್ ಗೋಲು ಹೊಡೆಯುವವರು, ಸ್ವಾಮಿ. ಅವರಿಲ್ಲದಿದ್ದರೆ ಬ್ರೆಜಿಲ್‌ಗೆ ಗೋಲು ಕಡಿಮೆ ಆಗಬಹುದು. ಎದುರಾಳಿಗೆ ಏಳು ಹೇಗೆ ಸಿಗುತ್ತದೆ?

ನಾನು ಈವತ್ತು ಹೇಳುವುದು ಒಂದೇ ವಿಷಯ. ಗೋಲಿನ ಮುಂದೆ ಕಾವಲು ನಿಲ್ಲುವ ಡಿಫೆಂಡರ್‌ಗಳ ಸಾಲಿಗೂ ಅವರ ಮುಂದೆ ಮೈದಾನದ ಮಧ್ಯದಲ್ಲಿ ಆಡುವ ಮಿಡ್‌ಫೀಲ್ಡ್ ಸಾಲಿಗೂ ನಡುವೆ ಎಷ್ಟು ಜಾಗ ಇದೆ, ಅದನ್ನು ನೋಡಿ. ಚೆಂಡನ್ನು ಸ್ವಲ್ಪ ಹೊತ್ತು ಬಿಡಿ. ಎರಡು ಸಾಲೂ ಒತ್ತಾಗಿದ್ದರೆ ಎದುರಾಳಿಗೆ ಚೆಂಡು ಹಿಡಿದು ತಿರುಗಲೂ ಪುರುಸೊತ್ತು ಇರುವುದಿಲ್ಲ. ಜಾಗ ಬಿಟ್ಟರೋ, ಆಸಾಮಿ ಆರಾಮಾಗಿ ನಿಂತು, ತಲೆ ಎತ್ತಿ, ಯಾರಿಗೆ ಕೊಡಲಿ ಎಂದು ಯೋಚಿಸಿ ಕೊಡುತ್ತಾನೆ.

ಇಲ್ಲಿ ತಿಯಾಗೊ ಸಿಲ್ವಾ ಕಥೆ ಹೇಳಲೇಬೇಕು. ನಾಲ್ಕು ದಿನ ಮುಂಚೆ ಫೋರ್ಟಲೇಜಾದಲ್ಲಿ ಕೊಲಂಬಿಯಾ ಜೊತೆ ಕ್ವಾರ್ಟರ್‌ಫೈನಲ್. ಸಿಲ್ವಾ ತಂಡದ ನಾಯಕ, ಡಿಫೆನ್ಸ್‌ನ ನಡುಗಂಬ. ಏಳನೇ ನಿಮಿಷಕ್ಕೆ ಕಾರ್ನರ್‌ನಿಂದ, ಅಂದರೆ ಮೈದಾನದ ಮೂಲೆಯಿಂದ ಒದ್ದ ಚೆಂಡಿಗೆ ಮೊಣಕಾಲು ಕೊಟ್ಟು ಗೋಲು ಮಾಡಿದವರೂ ಅವರೇ. ಆದರೆ ಹಿಂದಿನ ಪಂದ್ಯದ್ದೊಂದು ಹಳದಿ ಕಾರ್ಡ್, ಅಂದರೆ ರೆಫರಿಯ ಎಚ್ಚರಿಕೆ, ತಲೆ ಮೇಲೆ ತೂಗುತ್ತಿದೆ. ಇನ್ನೊಂದು ಬಿದ್ದರೆ ಸೆಮಿಫೈನಲ್ ಇಲ್ಲ. ಬಂತು 64ನೇ ನಿಮಿಷ. ಕೊಲಂಬಿಯಾ ಗೋಲ್‌ಕೀಪರ್ ಒಸ್ಪಿನಾ ಕೈಯಲ್ಲಿದ್ದ ಚೆಂಡನ್ನು ದೂರಕ್ಕೆ ಒದೆಯಲು ಹೊರಟಿದ್ದಾರೆ. ಪಕ್ಕದಲ್ಲೇ ಸಿಲ್ವಾ. ಸುಮ್ನೆ ಹಿಂದಕ್ಕೆ ಓಡಿಬರಬೇಕು, ಅಲ್ವಾ? ಇಲ್ಲ. ಹೋಗಿ ಅಡ್ಡ ನಿಂತರು. ಗೋಲ್‌ಕೀಪರ್ ಒದೆಯುವುದನ್ನು ತಡೆಯುವ ಹಾಗಿಲ್ಲ ಎನ್ನುವುದು ಶಾಲೆಯ ಮಕ್ಕಳಿಗೂ ಗೊತ್ತಿರುವ ನಿಯಮ. ರೆಫರಿ ಜೇಬಿಗೆ ಕೈ ಹಾಕಿದರು. ಬ್ರೆಜಿಲ್ ಆಮೇಲೆ ಫಿಫಾಗೆ ಮೇಲ್ಮನವಿ ಸಲ್ಲಿಸಿತು, ನಡೆಯಲಿಲ್ಲ. ಸೆಮಿಫೈನಲ್ ದಿನ ರಾಷ್ಟ್ರಗೀತೆಯ ಹೊತ್ತಿಗೆ ಡಿಫೆಂಡರ್ ಡೇವಿಡ್ ಲೂಯಿಜ್ ಮತ್ತು ಗೋಲ್‌ಕೀಪರ್ ಜೂಲಿಯೊ ಸೀಸರ್ ಕೈಯಲ್ಲಿ ಹಿಡಿದು ನಿಂತದ್ದು ನೇಮಾರ್ ಜೆರ್ಸಿಯನ್ನು! ನನಗೆ ಈಗಲೂ ಅನ್ನಿಸುತ್ತದೆ, ಹಿಡಿಯಬೇಕಿದ್ದದ್ದು ಸಿಲ್ವಾ ಜೆರ್ಸಿ.

ಯಾಕೆಂದರೆ ಡೇವಿಡ್ ಲೂಯಿಜ್ ಚೆಂಡು ಕಂಡರೆ ಮುಂದೆ ನುಗ್ಗುವ ಆಟಗಾರ. ಅವರು ನುಗ್ಗಿದಾಗ ಹಿಂದೆ ಉಳಿದು ಸಾಲು ಹಿಡಿದು ನಿಲ್ಲಿಸುತ್ತಿದ್ದವರು ಸಿಲ್ವಾ. ಆ ಜಾಗಕ್ಕೆ ಡಾಂಟೆ ಬಂದರು. ಒಳ್ಳೆಯ ಆಟಗಾರರೇ, ಆದರೆ ಆ ವಿಶ್ವಕಪ್‌ನಲ್ಲಿ ಅದೇ ಅವರ ಮೊದಲ ಪಂದ್ಯ.

ಇನ್ನು ಮಿಡ್‌ಫೀಲ್ಡ್. ಜರ್ಮನಿಗೆ ಅಲ್ಲಿ ಶ್ವೈನ್‌ಸ್ಟೈಗರ್, ಖೆದಿರಾ, ಕ್ರೂಸ್, ಒಟ್ಟು ಮೂವರು. ಬ್ರೆಜಿಲ್‌ಗೆ ಲೂಯಿಜ್ ಗುಸ್ತಾವೊ ಮತ್ತು ಫರ್ನಾಂಡಿನ್ಯೊ, ಇಬ್ಬರೇ. ನೇಮಾರ್ ಬದಲಿಗೆ ಇನ್ನೊಬ್ಬ ಮಿಡ್‌ಫೀಲ್ಡರ್‌ನನ್ನು ಹಾಕಬಹುದಿತ್ತು. ಕೋಚ್ ಸ್ಕೋಲಾರಿ ಹಾಕಿದ್ದು ಬರ್ನಾರ್ಡ್‌ರನ್ನು, ಅಂಚಿನಲ್ಲಿ ಓಡಿ ದಾಳಿ ಮಾಡುವವರನ್ನು. ಗುಸ್ತಾವೊ, ಫರ್ನಾಂಡಿನ್ಯೊ ಇಬ್ಬರೂ ಮುಂದೆ ಹೋದರೆ ಹಿಂದೆ ಜಾಗ. ಅದೇ ಜಾಗ, ನಾನು ನೋಡಿ ಅಂದದ್ದು.

11ನೇ ನಿಮಿಷದಲ್ಲಿ ಜರ್ಮನಿಯ ಮುಲ್ಲರ್ ಹೊಡೆದ ಮೊದಲ ಗೋಲನ್ನು ಬಿಡಿ, ಅದು ಕಾರ್ನರ್‌ನಿಂದ ಬಂದದ್ದು. 23ನೇ ನಿಮಿಷದಿಂದ 29ರವರೆಗೆ ನೋಡಿ. ಆರು ನಿಮಿಷ, ನಾಲ್ಕು ಗೋಲು. ಅದರಲ್ಲಿ ಕ್ರೂಸ್ ಅವರ ಎರಡನೆಯದು ನನ್ನ ಪಾಲಿಗೆ ಪಾಠಪುಸ್ತಕ. ಆಗಷ್ಟೇ ಗೋಲು ತಿಂದು ಬ್ರೆಜಿಲ್ ಮತ್ತೆ ಆಟ ಶುರು ಮಾಡಿದೆ. ಫರ್ನಾಂಡಿನ್ಯೊ ಕಾಲಿಗೆ ಚೆಂಡು ಬಂತು. ಕ್ರೂಸ್ ಬಂದು ಕಸಿದರು. ಖೆದಿರಾಗೆ ಕೊಟ್ಟರು, ಖೆದಿರಾ ವಾಪಸ್ ಕೊಟ್ಟರು, ಕ್ರೂಸ್ ಮೆಲ್ಲಗೆ ಒಳಗೆ ತಳ್ಳಿದರು. ಒಂದು ಚೆಂಡು ಕಳೆದುಕೊಳ್ಳುವುದು ಯಾರಿಗಾದರೂ ಆಗುತ್ತದೆ. ಅದರ ಹಿಂದೆ ಮೈದಾನವೆಲ್ಲ ಖಾಲಿ ಇತ್ತಲ್ಲ, ತೊಂದರೆ ಅದು.

ಐದನೆಯದೂ ಹಾಗೇ. ಜರ್ಮನಿಯ ಡಿಫೆಂಡರ್ ಹುಮೆಲ್ಸ್ ಚೆಂಡು ಹಿಡಿದು ತಾವೇ ಮುಂದೆ ಬಂದರು. ಖೆದಿರಾ, ಓಜಿಲ್, ಮತ್ತೆ ಖೆದಿರಾ, ಗೋಲು. ದಯವಿಟ್ಟು ಜೂಲಿಯೊ ಸೀಸರ್‌ರನ್ನು ಬೈಯಬೇಡಿ. ಬಾಗಿಲು ತೆರೆದಿಟ್ಟು ಕಾವಲುಗಾರನನ್ನು ಬೈದ ಹಾಗೆ ಅದು. 23ನೇ ನಿಮಿಷದ ಗೋಲನ್ನೇ ನೋಡಿ, ಜರ್ಮನಿಯ ಕ್ಲೋಸ ಅವರ ಮೊದಲ ಹೊಡೆತವನ್ನು ಸೀಸರ್ ತಡೆದಿದ್ದರು. ಚಿಮ್ಮಿದ ಚೆಂಡಿಗೂ ಕ್ಲೋಸ ಅವರೇ ಮೊದಲು ತಲುಪಿದರು. ಬ್ರೆಜಿಲ್‌ನವರು ಎಲ್ಲಿದ್ದರು? ಅಂದಹಾಗೆ ಅದು ವಿಶ್ವಕಪ್‌ಗಳಲ್ಲಿ ಕ್ಲೋಸ ಅವರ 16ನೇ ಗೋಲು. ಬ್ರೆಜಿಲ್‌ನವರೇ ಆದ ರೊನಾಲ್ಡೊ ದಾಖಲೆ ಮುರಿದದ್ದು ಬ್ರೆಜಿಲ್ ನೆಲದಲ್ಲೇ.

ಬ್ರೆಜಿಲ್‌ನ ಲೆಫ್ಟ್ ಬ್ಯಾಕ್, ಅಂದರೆ ಎಡಬದಿಯ ಡಿಫೆಂಡರ್, ಮಾರ್ಸೆಲೊ ಬಗ್ಗೆ ಹೇಳುವುದು ಬಹಳ ಇತ್ತು, ಗಡಿಯಾರ ಬಿಡುತ್ತಿಲ್ಲ. ಮೇಲೆ ಹೋದವರು ಕೆಳಗೆ ಬರಲು ತಡ, ಅಷ್ಟು ತಿಳಿದುಕೊಳ್ಳಿ. ವಿರಾಮದ ನಂತರ ಬ್ರೆಜಿಲ್‌ಗೆ ಪೌಲಿನ್ಯೊ, ರಮಿರೆಸ್ ಬಂದರು, ನಡುವೆ ಸ್ವಲ್ಪ ಜನ ಕಂಡರು. ಆದರೂ ಜರ್ಮನಿಯ ಶುರ್ಲ ಎರಡು ಗೋಲು ಹೊಡೆದರು.

ಈಗ "ಸಿಲ್ವಾ ಇದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು" ಎನ್ನುವವರಿಗೆ. ಜುಲೈ 12, ಬ್ರೆಸಿಲಿಯಾ, ಮೂರನೇ ಸ್ಥಾನದ ಪಂದ್ಯ, ಎದುರಿಗೆ ನೆದರ್ಲೆಂಡ್ಸ್. ಸಿಲ್ವಾ ವಾಪಸ್ ಬಂದಿದ್ದರು. ಶುರುವಿನಲ್ಲೇ ಒಬ್ಬಂಟಿಯಾಗಿ ನುಗ್ಗಿದ ರಾಬೆನ್‌ರನ್ನು ಸಿಲ್ವಾ ಹಿಡಿದೆಳೆದರು, ಪೆನಾಲ್ಟಿ, ಗೋಲು. 17ನೇ ನಿಮಿಷಕ್ಕೆ ಡೇವಿಡ್ ಲೂಯಿಜ್ ತಲೆಯಿಂದ ಹೊಡೆದ ಚೆಂಡು ಪೆನಾಲ್ಟಿ ಬಾಕ್ಸ್ ನಡುವೆ ಬಿತ್ತು. ಅಲ್ಲಿ ನೆದರ್ಲೆಂಡ್ಸ್‌ನ ಬ್ಲಿಂಡ್ ಒಬ್ಬರೇ ನಿಂತಿದ್ದರು. ಚೆಂಡನ್ನು ನಿಲ್ಲಿಸಿಕೊಳ್ಳಲು, ಗುರಿ ನೋಡಲು, ಒದೆಯಲು ಬೇಕಾದಷ್ಟು ಹೊತ್ತು ಅವರಿಗಿತ್ತು. ಆ ಪಂದ್ಯ ನೆದರ್ಲೆಂಡ್ಸ್‌ಗೆ, 3-0.

ನಮಸ್ಕಾರ.